ಆಪದ್ಧನವೂ ಒಂದು ಮೊಳ ಮಲ್ಲಿಗೆಯೂ

ದುಡಿಯುವವನಿಗೆ ಉಳಿತಾಯದ ಉಪದೇಶ ಮಾಡುವವರಿಗೆ ನಮ್ಮಲ್ಲಿ ಎಂದೂ ಬರಗಾಲ ಬಂದದ್ದಿಲ್ಲ. ಕೆರೆ ಬತ್ತಬಹುದು, ಬಾವಿ ಬತ್ತಬಹುದು, ಉಪದೇಶದ ಊಟೆ ಮಾತ್ರ ಬತ್ತುವುದಿಲ್ಲ. ಬ್ಯಾಂಕಿನ ಅಧಿಕಾರಿ ಹೇಳುತ್ತಾನೆ, ಕಾರ್ಖಾನೆಯ ಮ್ಯಾನೇಜರ್ ಹೇಳುತ್ತಾನೆ, ಸ್ವಸಹಾಯ ಗುಂಪಿಗೆ ತರಬೇತಿ ಕೊಡಲು ಬಂದವರು ಹೇಳುತ್ತಾರೆ, ಕೊನೆಗೆ ಭಾನುವಾರ ನಮ್ಮ ಪ್ರಸಂಗಪೀಠದಿಂದಲೂ ಅದೇ ಮಾತು ಕೇಳಿಬರುತ್ತದೆ: ಟೀ ಕಡಿಮೆ ಮಾಡಿರಿ, ಹೂವು ಬಿಡಿರಿ, ಸಿನಿಮಾ ಬಿಡಿರಿ, ಬಟವಾಡೆಯ ದಿನ ಪರೋಟ ಕಟ್ಟಿಸಿಕೊಂಡು ಹೋಗುವುದನ್ನು ಬಿಡಿರಿ, ಕಾಸಿಗೆ ಕಾಸು ಕೂಡಿಸಿರಿ, ಆಪತ್ಕಾಲಕ್ಕೆ ಆದೀತು. ಈ ಮಾತಿನಲ್ಲಿ ಅರ್ಧ ಸತ್ಯವಿದೆ, ಆ ಅರ್ಧವನ್ನು ನಾವು ತಳ್ಳಿಹಾಕುವುದಿಲ್ಲ. ಉಳಿದ ಅರ್ಧದಲ್ಲಿ ಒಂದು ಅನ್ಯಾಯ ಅಡಗಿದೆ. ಅದನ್ನು ಬಿಡಿಸಿ ತೋರಿಸಬೇಕಾಗಿದೆ.

ಕಾಂಗೇಯಂ ಎಂದರೆ ನಮ್ಮ ರೈತರಿಗೆ ಎತ್ತಿನ ಹೆಸರು. ಆದರೆ ಇಂದು ಆ ಊರಿನ ಬಹುಮಂದಿ ಬದುಕುವುದು ಎತ್ತಿನಿಂದಲ್ಲ. ಅಕ್ಕಿ ಗಿರಣಿಗಳಿವೆ, ಎಣ್ಣೆ ಗಿರಣಿಗಳಿವೆ, ತೆಂಗಿನಕಾಯಿ ಒಡೆದು ಕೊಬ್ಬರಿ ಒಣಗಿಸುವ ಕಳಗಳಿವೆ, ವೆಳ್ಳಕೋಯಿಲ್ ಕಡೆಗೆ ಹೋದರೆ ಮಗ್ಗಗಳ ಸದ್ದು. ತಿರುಪ್ಪೂರಿನ ಬನಿಯನ್ ಕಂಪನಿಗಳಿಗೆ ದಿನವೂ ಬಸ್ಸು ಹತ್ತುವವರಿದ್ದಾರೆ. ಒಂದು ಕಾಲಕ್ಕೆ ಕೊಯಮತ್ತೂರು ಜಿಲ್ಲೆಗೆ, ಆಮೇಲೆ ಈರೋಡಿಗೆ, 2009ರಿಂದ ತಿರುಪ್ಪೂರು ಜಿಲ್ಲೆಗೆ ಸೇರಿದ ಈ ಸೀಮೆ ಕನ್ನಡಕ್ಕೆ ಪರಕೀಯವಲ್ಲ. ಕೊಯಮತ್ತೂರು, ಈರೋಡು, ಸೇಲಂ ಕಡೆಗಳಲ್ಲಿ ತಲೆಮಾರುಗಳಿಂದ ಮಗ್ಗ ನಡೆಸಿದ ದೇವಾಂಗ ಮನೆಗಳ ಮಾತು ಕನ್ನಡವೇ. ನಮ್ಮ ಕೊಳ್ಳೇಗಾಲವೂ 1956ರ ನವೆಂಬರಿನ ತನಕ ಕೊಯಮತ್ತೂರು ಜಿಲ್ಲೆಯ ತಾಲ್ಲೂಕೇ ಆಗಿತ್ತು. ಮನೆಯಲ್ಲಿ ಕನ್ನಡ, ಮಗ್ಗದ ಮುಂದೆ ತಮಿಳು, ಸಾಲಗಾರನ ಮುಂದೆ ಯಾವ ಭಾಷೆಯಾದರೂ ಒಂದೇ.

ಉಪದೇಶಕರು ಮೊದಲು ಅರಿಯಬೇಕಾದದ್ದು ಇಲ್ಲಿಯ ಕೂಲಿಯ ಸ್ವಭಾವ. ಕೊಬ್ಬರಿ ಕಳದ ಕೆಲಸ ಬಿಸಿಲನ್ನು ನಂಬಿದ್ದು. ಐಪ್ಪಸಿ ಮಳೆ ಹಿಡಿದರೆ ಹರವಿದ ಕೊಬ್ಬರಿಯನ್ನು ಮುಚ್ಚಬೇಕು, ಕೆಲಸ ನಿಲ್ಲಬೇಕು, ಕೂಲಿಯೂ ನಿಲ್ಲಬೇಕು. ಬನಿಯನ್ ಕಂಪನಿಯಲ್ಲಿ ಶನಿವಾರ ಬಟವಾಡೆ, ಆದರೆ ಆರ್ಡರ್ ಇದ್ದ ವಾರದ ಬಟವಾಡೆ ಒಂದು, ಇಲ್ಲದ ವಾರದ್ದು ಇನ್ನೊಂದು. ಇಂಥವರ ಮುಂದೆ ನಿಂತು ಸಂಬಳದಲ್ಲಿ ನೂರಕ್ಕೆ ಐವತ್ತು ಅಗತ್ಯಕ್ಕೆ, ಮೂವತ್ತು ಇಷ್ಟಕ್ಕೆ, ಇಪ್ಪತ್ತು ಉಳಿತಾಯಕ್ಕೆ ಎಂದು ಫಲಕದ ಮೇಲೆ ಬರೆದು ತೋರಿಸುತ್ತಾರೆ. ಈ ಸೂತ್ರವನ್ನು ಜನಪ್ರಿಯಗೊಳಿಸಿದ್ದು 2005ರಲ್ಲಿ ಅಮೆರಿಕದ ಎಲಿಜಬೆತ್ ವಾರನ್ ತಮ್ಮ ಮಗಳೊಡನೆ ಬರೆದ ಪುಸ್ತಕ. ಆ ತಾಯಿ ಬರೆದದ್ದು ತಿಂಗಳಿಗೆ ತಿಂಗಳು ತಪ್ಪದೆ ಸಂಬಳ ಬರುವ ಮನೆಗಳಿಗೆ. ಅವರಲ್ಲಿ ತಪ್ಪೇನೂ ಇಲ್ಲ. ಮಳೆ ಬಂದರೆ ಕೂಲಿ ಇಲ್ಲದವಳಿಗೆ ಅದೇ ಸೂತ್ರವನ್ನು ಒಪ್ಪಿಸುವವರದು ತಪ್ಪು. ಯಾವ ವಾರದ ನೂರು? ಬಿಸಿಲಿನ ವಾರದ್ದೋ ಮಳೆಯ ವಾರದ್ದೋ?

ಆದರೂ ಲೆಕ್ಕವನ್ನು ನಾವು ತಪ್ಪಿಸಿಕೊಳ್ಳುವುದು ಬೇಡ. ಒಂದು ಟೀಗೆ 15 ರೂಪಾಯಿ ಎಂದಿಟ್ಟುಕೊಳ್ಳಿರಿ. ದಿನಕ್ಕೆ ಎರಡು, ತಿಂಗಳಿಗೆ ಇಪ್ಪತ್ತಾರು ದಿನ. 780 ರೂಪಾಯಿ ಆಯಿತು. ವರ್ಷಕ್ಕೆ 9,360. ಇದು ಸಣ್ಣ ಮೊತ್ತವಲ್ಲ. ಟೀ ದುಡ್ಡೇನು ಮಹಾ ಎನ್ನುವ ನಮ್ಮ ಕೆಲವು ಸಂಘದ ಗೆಳೆಯರು ಕಾಗದದ ಮೇಲೆ ಕೂಡಿಸಿ ನೋಡಿದವರಲ್ಲ. ಹಾಗಿದ್ದರೆ ಉಪದೇಶಕರ ಮಾತೇ ಸರಿಯೆ? ಅಲ್ಲ. ಏಕೆಂದರೆ ಅವರು ಟೀಯ ಲೆಕ್ಕವನ್ನಷ್ಟೇ ಹಾಕುತ್ತಾರೆ, ಆಪತ್ತಿನ ಲೆಕ್ಕ ಹಾಕುವುದಿಲ್ಲ.

ಕೂಲಿಯವನ ಮನೆಗೆ ಬರುವ ಆಪತ್ತು ಎರಡು ಜಾತಿಯದು. ಒಂದು ಸಣ್ಣದು: ಮಗುವಿಗೆ ನಾಲ್ಕು ದಿನ ಜ್ವರ, ಊರಲ್ಲಿ ಸಾವು ಎಂದು ರಾತ್ರೋರಾತ್ರಿ ಬಸ್ಸು ಹತ್ತಬೇಕಾದದ್ದು, ಶಾಲೆಯ ಶುಲ್ಕ, ವಾರವಿಡೀ ಮಳೆ. ಸಾವಿರ, ಎರಡು ಸಾವಿರ, ಹೆಚ್ಚೆಂದರೆ ಮೂರು. ಇನ್ನೊಂದು ದೊಡ್ಡದು: ಗಿರಣಿಯ ಪಟ್ಟಿಗೆ ಸಿಕ್ಕಿ ಕೈ ಹೋಗುವುದು, ಹೃದಯದ ಶಸ್ತ್ರಚಿಕಿತ್ಸೆ, ಕಾರ್ಖಾನೆಗೆ ಬೀಗ ಬೀಳುವುದು. ತಿರುಪ್ಪೂರಿನ ಬನಿಯನ್ ಕಾರ್ಮಿಕರು 1984ರಲ್ಲಿ ತುಟ್ಟಿಭತ್ಯೆಗಾಗಿ 127 ದಿನ ಮುಷ್ಕರ ಹೂಡಿದರು. ಅಂದರೆ ಹದಿನೆಂಟು ಶನಿವಾರ ಬಟವಾಡೆ ಇಲ್ಲ. ಯಾವ ಸಾಸಿವೆ ಡಬ್ಬಿ ಹದಿನೆಂಟು ವಾರ ತಾಳುತ್ತದೆ? ಹತ್ತು ವರ್ಷ ಟೀ ಬಿಟ್ಟವನ ಡಬ್ಬಿಯೂ ಒಂದು ದೊಡ್ಡ ಶಸ್ತ್ರಚಿಕಿತ್ಸೆಯ ಬಿಲ್ಲಿನ ಮುಂದೆ ಬರಿದಾಗುತ್ತದೆ. ದೊಡ್ಡ ಆಪತ್ತಿಗೆ ಡಬ್ಬಿ ಔಷಧವೇ ಅಲ್ಲ. ಅದಕ್ಕೆ ಬೇಕಾದದ್ದು ವಿಮೆ, ಭವಿಷ್ಯನಿಧಿ, ಸಂಘಟನೆ.

ಸಣ್ಣ ಆಪತ್ತಿನ ಮಾತು ಬೇರೆ. ಬಡ್ಡಿಯವನು ನಮ್ಮ ಹೊಸ್ತಿಲು ತುಳಿಯುವುದು ಹೆಚ್ಚಾಗಿ ಈ ಸಣ್ಣದರ ಮೂಲಕವೇ. ತಂಡಲ್ ಸಾಲದ ವಾಡಿಕೆ ಎಲ್ಲರಿಗೂ ಗೊತ್ತಿದೆ. ಸಾವಿರ ಎಂದು ಬರೆಸಿಕೊಂಡು 850 ಕೈಗೆ ಕೊಡುತ್ತಾನೆ, ವಾರಕ್ಕೆ ನೂರರಂತೆ ಹತ್ತು ವಾರ ವಸೂಲು ಮಾಡುತ್ತಾನೆ. ಬರೀ ನೂರೈವತ್ತು ತಾನೆ ಎನ್ನಿಸುತ್ತದೆ. ಆದರೆ ಅಸಲು ವಾರವಾರವೂ ಕರಗುತ್ತಾ ಹೋಗುವುದರಿಂದ ವರ್ಷದ ಲೆಕ್ಕಕ್ಕೆ ಇಟ್ಟರೆ ಬಡ್ಡಿ ನೂರಕ್ಕೆ ನೂರೈವತ್ತನ್ನು ದಾಟುತ್ತದೆ. ಮೊದಲನೆಯ ಸಾಲ ತೀರುವ ಮುನ್ನ ಎರಡನೆಯದು, ಅದರ ಕಂತಿಗೆ ಮೂರನೆಯದು. ಅತಿಬಡ್ಡಿಯನ್ನು ತಡೆಯಲು 2003ರಲ್ಲಿಯೇ ತಮಿಳುನಾಡು ಕಾನೂನು ಮಾಡಿತು. ಸಾಲ ವಸೂಲಿಯ ದಬ್ಬಾಳಿಕೆಯ ವಿರುದ್ಧ 2025ರಲ್ಲಿ ಕರ್ನಾಟಕವೂ ತಮಿಳುನಾಡೂ ಹೊಸ ಕಾನೂನು ತಂದವು. ಕಾನೂನು ಬಂತು, ಶನಿವಾರ ಸಂಜೆ ಮೋಟಾರ್ ಸೈಕಲ್ಲಿನಲ್ಲಿ ಬರುವವನೂ ಬರುತ್ತಲೇ ಇದ್ದಾನೆ.

ಆದುದರಿಂದ ಡಬ್ಬಿ ಬೇಕು, ಆದರೆ ಅದು ಸಣ್ಣದಾಗಿದ್ದರೆ ಸಾಕು. ದಿನಕ್ಕೆ 450 ರೂಪಾಯಿ ಕೂಲಿ ಎಂದರೆ ಆರು ದಿನಕ್ಕೆ 2,700. ವಾರಕ್ಕೆ 60 ರೂಪಾಯಿ ಎತ್ತಿಟ್ಟರೆ ಹತ್ತು ತಿಂಗಳ ಸುಮಾರಿಗೆ ಒಂದು ವಾರದ ಕೂಲಿ ಡಬ್ಬಿಯಲ್ಲಿರುತ್ತದೆ. ಆರು ದಿನದ ಟೀಗೆ ವಾರಕ್ಕೆ 180 ಹೋಗುವ ಕಡೆ ಇದು ಅದರ ಮೂರನೆಯ ಒಂದು ಪಾಲು. ಅಷ್ಟು ಕೂಡಿದ ಮೇಲೆ ಜ್ವರ ಬಂದರೆ ತಂಡಲ್‌ನವನ ಮನೆಗೆ ಹೋಗಬೇಕಾಗಿಲ್ಲ. ತೆಗೆದದ್ದನ್ನು ಮತ್ತೆ ತುಂಬಿಸಬೇಕು. ಮಳೆಯ ವಾರ ಹಾಕದಿದ್ದರೆ ಪಾಪವಲ್ಲ, ಬಿಸಿಲಿನ ವಾರ ಎರಡರಷ್ಟು ಹಾಕಬಹುದು. ಮಿಕ್ಕ ಟೀ, ಮಲ್ಲಿಗೆ, ಸಿನಿಮಾ, ಮಕ್ಕಳ ಕೈಯ ಐಸು, ಇವುಗಳ ತಂಟೆಗೆ ಯಾರೂ ಬರಕೂಡದು.

ಬರಕೂಡದು ಎಂದು ಏಕಿಷ್ಟು ಬಿರುಸಾಗಿ ಹೇಳುತ್ತೇವೆ? ಎಲ್ಲ ಸುಖವನ್ನೂ ಕತ್ತರಿಸಿದ ಮನೆ ಉಳಿತಾಯ ಮಾಡುವುದಿಲ್ಲ ಎಂಬುದು ನಮ್ಮ ಬೀದಿಗಳಲ್ಲಿ ನಿತ್ಯ ಕಾಣುವ ಸಂಗತಿ. ಆರು ತಿಂಗಳು ಬಾಯಿ ಕಟ್ಟಿದವನು ಹಬ್ಬ ಬಂದಾಗ ಡಬ್ಬಿ ಒಡೆದು ಒಂದೇ ದಿನದಲ್ಲಿ ಎಲ್ಲವನ್ನೂ ಊದಿಬಿಡುತ್ತಾನೆ. ಆಗ ಉಪದೇಶಕ ಬಂದು, ನೋಡಿರಿ, ಈ ಜನಕ್ಕೆ ದುಡ್ಡು ನಿಲ್ಲುವುದಿಲ್ಲ ಎನ್ನುತ್ತಾನೆ. ಹತ್ತು ಗಂಟೆ ನಿಂತು ಕೆಲಸ ಮಾಡುವವಳಿಗೆ ನಾಲ್ಕು ಗಂಟೆಯ ಟೀ ಬರೀ ಸುಖವೂ ಅಲ್ಲ, ಸಂಜೆಯ ತನಕ ಕಾಲು ನಿಲ್ಲುವಂತೆ ಮಾಡುವ ಆಹಾರ. (ಮ್ಯಾನೇಜರ ಕೋಣೆಯೊಳಕ್ಕೆ ಹೋಗುವ ಟೀಯನ್ನು ಯಾರೂ ದುಂದು ಎಂದು ಬರೆದದ್ದನ್ನು ನಾವು ಕಂಡಿಲ್ಲ.)

ನೂರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಈ ವಾದವನ್ನು ಒಬ್ಬ ಮಾಲೀಕನೇ ಬಿಡಿಸಿ ತೋರಿಸಿದ್ದಾನೆ. ಇಂಗ್ಲೆಂಡಿನ ಯಾರ್ಕ್ ಪಟ್ಟಣದ ಸೀಬೋಮ್ ರೌನ್‌ಟ್ರೀ ಚಾಕೊಲೇಟ್ ಕಾರ್ಖಾನೆಯ ಮನೆತನದವನು, ಕ್ವೇಕರ್ ಪಂಥದ ಕ್ರೈಸ್ತ. ಊರಿನ ಕಾರ್ಮಿಕರ ಮನೆಮನೆಯ ವಿವರ ಕೂಡಿಸಿ 1901ರಲ್ಲಿ ಬಡತನದ ಮೇಲೆ ಒಂದು ಪುಸ್ತಕ ಬರೆದನು. ದೇಹದಲ್ಲಿ ಕಸುವು ಉಳಿಯುವುದಕ್ಕೆ ಎಷ್ಟು ಬೇಕೋ ಅಷ್ಟೇ ಕೂಲಿ ಸಿಕ್ಕಿದರೆ ಒಂದು ಕುಟುಂಬ ಹೇಗೆ ಬದುಕಬೇಕಾದೀತು ಎಂಬುದನ್ನು ಅವನು ಎಳೆಯೆಳೆಯಾಗಿ ಬರೆದಿದ್ದಾನೆ: ಬಂಡಿಗೆ ಬಾಡಿಗೆ ಕೊಡಬಾರದು, ಪತ್ರಿಕೆ ಕೊಳ್ಳಬಾರದು, ದೂರದ ಮಕ್ಕಳಿಗೆ ಅಂಚೆ ಖರ್ಚಿನ ಕಾಗದ ಬರೆಯಬಾರದು, ಸಭೆಗೆ ಕಾಣಿಕೆ ಹಾಕಬಾರದು, ಮಗುವಿಗೆ ಗೊಂಬೆ ಕೊಡಬಾರದು, ತಂದೆ ಹೊಗೆಸೊಪ್ಪು ಮುಟ್ಟಬಾರದು, ಉಳಿತಾಯವನ್ನಂತೂ ಮಾಡಲೇ ಆಗದು. ಹೀಗೆ ಬದುಕಿರಿ ಎಂಬ ಸಲಹೆ ಇದಲ್ಲ. ಇಷ್ಟು ಕೂಲಿ ಕೊಡುವುದು ಎಷ್ಟು ನಾಚಿಕೆಗೇಡು ಎಂದು ತೋರಿಸುವುದಕ್ಕಾಗಿ ಅವನು ಆ ಪಟ್ಟಿ ಮಾಡಿದ್ದು. ಅವನು ಮಾಲೀಕರ ಮುಂದೆ ಹಿಡಿದ ಕನ್ನಡಿಯನ್ನೇ ನಮ್ಮ ಉಪದೇಶಕರು ತಿರುಗಿಸಿ ಕಾರ್ಮಿಕನ ಮುಂದೆ ಹಿಡಿಯುತ್ತಿದ್ದಾರೆ.

ನಮ್ಮ ದೇಶದಲ್ಲಿಯೂ ಈ ಮಾತು ಇತ್ಯರ್ಥವಾಗಿದೆ ಎಂಬುದನ್ನು ಎಷ್ಟು ಜನ ಬಲ್ಲರು? 1957ರಲ್ಲಿ ನಡೆದ ಹದಿನೈದನೆಯ ಭಾರತೀಯ ಕಾರ್ಮಿಕ ಸಮ್ಮೇಳನವು ಕನಿಷ್ಠ ಕೂಲಿಯನ್ನು ಲೆಕ್ಕ ಹಾಕುವ ಕ್ರಮವನ್ನು ಒಪ್ಪಿತು: ಒಬ್ಬ ದುಡಿಯುವವನಿಗೆ ಮೂರು ಜನರ ಊಟದ ಪ್ರಮಾಣ, ತಲೆಗೆ ದಿನಕ್ಕೆ 2,700 ಕ್ಯಾಲೊರಿ, ಕುಟುಂಬಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಮನೆ ಬಾಡಿಗೆ, ಸೌದೆ ದೀಪ ಮುಂತಾದವಕ್ಕೆ ನೂರಕ್ಕೆ ಇಪ್ಪತ್ತು. ಇಷ್ಟರಲ್ಲಿ ಮಲ್ಲಿಗೆಗೂ ಜ್ವರಕ್ಕೂ ಜಾಗವಿರಲಿಲ್ಲ. ಮುಂದೆ 1991ರಲ್ಲಿ ತಮಿಳುನಾಡಿನಿಂದ ಹೋದ ರೆಪ್ಟಕೋಸ್ ಬ್ರೆಟ್ ಕಾರ್ಮಿಕರ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯವು ಆರನೆಯ ಅಂಶವೊಂದನ್ನು ಕೂಡಿಸಿತು. ಮಕ್ಕಳ ಓದು, ವೈದ್ಯಕೀಯ ವೆಚ್ಚ, ಹಬ್ಬಹರಿದಿನಗಳೂ ಸೇರಿದಂತೆ ಕನಿಷ್ಠ ಮನರಂಜನೆ, ಮುಪ್ಪು ಮದುವೆ ಮುಂತಾದವಕ್ಕೆ ಎತ್ತಿಡುವುದು, ಇವೆಲ್ಲ ಸೇರಿ ಕನಿಷ್ಠ ಕೂಲಿಯ ನೂರಕ್ಕೆ ಇಪ್ಪತ್ತೈದು ಭಾಗವಾಗಬೇಕು ಎಂದಿತು. 2020ರಲ್ಲಿ ಕೇಂದ್ರ ಸರಕಾರ ವೇತನ ಸಂಹಿತೆಯ ಕರಡು ನಿಯಮಗಳನ್ನು ಪ್ರಕಟಿಸಿದಾಗಲೂ ಮನರಂಜನೆ ಮತ್ತು ಆಕಸ್ಮಿಕ ವೆಚ್ಚಗಳು ಇದೇ ನೂರಕ್ಕೆ ಇಪ್ಪತ್ತೈದರ ಸಾಲಿನಲ್ಲಿ ಅಕ್ಕಪಕ್ಕದಲ್ಲಿ ನಿಂತಿದ್ದವು.

ಬಂಧುಗಳೇ, ಈ ಸಾಲನ್ನು ಸ್ವಲ್ಪ ನಿಂತು ನೋಡಿರಿ. ಆಪದ್ಧನ ಒಂದು ಕೈಯಲ್ಲಿ, ಸಣ್ಣ ಸುಖ ಇನ್ನೊಂದು ಕೈಯಲ್ಲಿ, ಇವೆರಡನ್ನೂ ಹೇಗೆ ತೂಗಬೇಕು ಎಂದು ಕೂಲಿಯವಳನ್ನು ಕೇಳುತ್ತಾರಲ್ಲ, ಆ ಎರಡೂ ಅವಳಿಗೆ ಕೊಡಬೇಕಾದ ಕೂಲಿಯೊಳಗೇ ಇರಬೇಕಾಗಿದ್ದವು. ಅನ್ನದಿಂದ ಕಿತ್ತು ಜ್ವರಕ್ಕೆ, ಜ್ವರದಿಂದ ಕಿತ್ತು ಹೂವಿಗೆ ಕೊಡುವ ತಕ್ಕಡಿ ಅವಳ ಕೈಗೆ ಬಂದದ್ದು ಕೂಲಿಯ ಆ ಕಾಲುಭಾಗ ನಡುವೆ ಎಲ್ಲೋ ಸೋರಿಹೋದುದರಿಂದ. ಸೋರಿದ ಕಡೆಯನ್ನು ತೋರಿಸದೆ ತಕ್ಕಡಿ ಹಿಡಿಯುವ ಚಾತುರ್ಯವನ್ನಷ್ಟೇ ಕಲಿಸುವುದಕ್ಕೆ ಉಪದೇಶ ಎಂಬ ದೊಡ್ಡ ಹೆಸರು ಬೇಕೆ?

ಎಲ್ಲ ಸುಖವನ್ನೂ ಬಿಟ್ಟು ಎಲ್ಲವನ್ನೂ ಉಳಿಸು ಎಂಬ ಬೋಧನೆ ಪೂರ್ತಿ ಜಾರಿಯಾದರೆ ಹೇಗಿರುತ್ತದೆ ಎಂಬುದನ್ನು ಊಹಿಸಬೇಕಾಗಿಲ್ಲ. ಕೊಯಮತ್ತೂರು, ತಿರುಪ್ಪೂರು, ಈರೋಡು, ದಿಂಡಿಗಲ್ ಕಡೆಯ ನೂಲಿನ ಗಿರಣಿಗಳಲ್ಲಿ ಅದು ಜಾರಿಯಾಗಿತ್ತು. ಸುಮಂಗಲಿ ಯೋಜನೆ ಎಂದು ಅದರ ಹೆಸರು. ದಕ್ಷಿಣ ಜಿಲ್ಲೆಗಳ ಬಡ ಮನೆಗಳಿಂದ ಹದಿಹರೆಯದ ಹೆಣ್ಣುಮಕ್ಕಳನ್ನು ಸಾಮಾನ್ಯವಾಗಿ ಮೂರು ವರ್ಷದ ಮಾತಿನ ಮೇಲೆ ಕರೆತಂದು ಗಿರಣಿಯ ಹಾಸ್ಟೆಲಿನಲ್ಲಿ ಇರಿಸಿದರು. ದಿನಗೂಲಿ ಅತ್ಯಲ್ಪ. ಹೊರಗೆ ಹೋಗುವುದಕ್ಕೆ ನಿರ್ಬಂಧ, ಫೋನಿಗೆ ನಿರ್ಬಂಧ. ಕೂಲಿಯ ಒಂದು ಪಾಲನ್ನು ಗಿರಣಿಯೇ ಹಿಡಿದಿಟ್ಟು ಅವಧಿ ಮುಗಿದಾಗ ಮದುವೆಗೆಂದು ಮೂವತ್ತು, ನಲವತ್ತು, ಐವತ್ತು ಸಾವಿರದ ಇಡಿಗಂಟು ಕೊಡುವ ಭರವಸೆ. 1961ರಿಂದ ವರದಕ್ಷಿಣೆ ನಿಷಿದ್ಧವಾದ ನಾಡಿನಲ್ಲಿ ವರದಕ್ಷಿಣೆಯ ಹೆಸರಿನಲ್ಲಿಯೇ ಆಳು ಹಿಡಿದರು! ನಡುವೆ ಕಾಯಿಲೆ ಬಿದ್ದು ಊರಿಗೆ ಹೋದವಳಿಗೆ ಬಹಳ ಸಲ ಆ ಗಂಟು ದಕ್ಕಲಿಲ್ಲ. 2011ರಲ್ಲಿ ನೆದರ್ಲೆಂಡ್ಸಿನ ಎರಡು ಸಂಸ್ಥೆಗಳ ವರದಿ ಹೊರಬಿದ್ದು ಬಟ್ಟೆ ಕೊಳ್ಳುವ ವಿದೇಶೀ ಕಂಪನಿಗಳಿಗೆ ಮುಜುಗರವಾದ ಮೇಲೆ ಈ ಹೆಸರನ್ನು ಬಾಯಿಬಿಟ್ಟು ಹೇಳುವವರು ಕಡಿಮೆಯಾದರು.

ಉಪದೇಶಕರ ದೃಷ್ಟಿಯಿಂದ ನೋಡಿದರೆ ಆ ಹುಡುಗಿ ಆದರ್ಶ ಉಳಿತಾಯಗಾರ್ತಿ. ಟೀ ಅಂಗಡಿ ಇಲ್ಲ, ಸಿನಿಮಾ ಇಲ್ಲ, ಬಳೆ ಅಂಗಡಿ ಇಲ್ಲ, ಮೂರು ವರ್ಷ ಒಂದು ಕಾಸೂ ದುಂದಾಗಲಿಲ್ಲ. ಆದರೆ ಜ್ವರ ಬಂದಾಗ ಆ ಉಳಿತಾಯ ಅವಳಿಗೆ ಸಿಕ್ಕಿತೇ? ಜ್ವರ ಬಂದದ್ದರಿಂದಲೇ ಅವಳು ಅದನ್ನು ಕಳೆದುಕೊಂಡಳು. ಆಪತ್ತಿನಲ್ಲಿ ಕೈಗೆ ಬಾರದ ಹಣ, ಆಪತ್ತು ಬಂದೊಡನೆ ಮಾಯವಾಗುವ ಹಣ, ಅದನ್ನು ಆಪದ್ಧನ ಎಂದು ಕರೆಯಲಾಗದು.

ನಮ್ಮ ಪ್ರಸಂಗಗಳಲ್ಲಿ ಉಳಿತಾಯಕ್ಕೆ ಯೋಸೇಫನ ಕಣಜದ ಸಾಮತಿ ಬಾರದೆ ಇರುವುದಿಲ್ಲ. ಆದಿಕಾಂಡ 41ನೆಯ ಅಧ್ಯಾಯ. ಸುಭಿಕ್ಷದ ಏಳು ವರ್ಷ ಐದರಲ್ಲೊಂದು ಪಾಲು ಕೂಡಿಟ್ಟು ಕ್ಷಾಮದ ಏಳು ವರ್ಷ ಐಗುಪ್ತ ದೇಶ ಉಳಿಯಿತು. ಒಳ್ಳೆಯದೇ. ಪಾಲು ತೆಗೆದದ್ದು ಸುಭಿಕ್ಷದಲ್ಲಿ ಎಂಬುದನ್ನು ಗಮನಿಸಿರಿ, ಹಸಿದವನ ಬಟ್ಟಲಿನಿಂದಲ್ಲ. ಆದರೆ ಪ್ರಸಂಗಿಗಳು 41ಕ್ಕೆ ಪುಸ್ತಕ ಮುಚ್ಚುತ್ತಾರೆ. 47ನೆಯ ಅಧ್ಯಾಯಕ್ಕೆ ಬಂದು ನೋಡಿದರೆ ಅದೇ ಜನ ಅದೇ ಧಾನ್ಯಕ್ಕಾಗಿ ಮೊದಲು ಹಣ ತಂದರು, ಆಮೇಲೆ ದನಕರು ತಂದರು, ಆಮೇಲೆ ಹೊಲ ಬರೆದುಕೊಟ್ಟರು, ಕಡೆಗೆ ತಮ್ಮನ್ನೇ ಮಾರಿಕೊಂಡು ಫರೋಹನಿಗೆ ದಾಸರಾದರು. ಬೆಳೆದವರು ಅವರು, ಕೂಡಿಟ್ಟದ್ದು ಅವರ ಬೆಳೆ. ಕಣಜದ ಬೀಗದಕೈ ಮಾತ್ರ ಅವರ ಕೈಯಲ್ಲಿರಲಿಲ್ಲ. ಹೀಗಿರುವಾಗ ಎಷ್ಟು ಉಳಿಸಿದೆ ಎಂಬ ಪ್ರಶ್ನೆಗಿಂತ ಮೊದಲು ಬೀಗದಕೈ ಯಾರಲ್ಲಿದೆ ಎಂದು ಕೇಳಬೇಕೋ ಬೇಡವೋ? ಸುಗಂಧ ತೈಲವನ್ನು ವ್ಯರ್ಥವಾಗಿ ಸುರಿದಳು ಎಂದು ಬೇಥಾನ್ಯದ ಮನೆಯಲ್ಲಿ ಆ ಹೆಂಗಸನ್ನು ಗದರಿಸಿದವನ ಕೈಯಲ್ಲಿಯೇ ಹಣದ ಥೈಲಿ ಇತ್ತು ಎಂದು ಯೋಹಾನನು ಬರೆದಿರುವುದನ್ನೂ ಇಲ್ಲಿ ನೆನಪಿಸಿಕೊಳ್ಳಬಹುದು.

ಬೀಗದಕೈಯ ಪ್ರಶ್ನೆಯನ್ನು ಎಲ್ಲರಿಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡವರು ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು. 2016ರ ಫೆಬ್ರವರಿ 10ರಂದು ಕೇಂದ್ರ ಸರಕಾರ ಒಂದು ಅಧಿಸೂಚನೆ ಹೊರಡಿಸಿತು. ಕೆಲಸ ಬಿಟ್ಟವರು ಭವಿಷ್ಯನಿಧಿಯಲ್ಲಿ ತಮ್ಮ ಪಾಲನ್ನು ಮಾತ್ರ ತೆಗೆಯಬಹುದು, ಮಾಲೀಕನ ಪಾಲು 58 ವರ್ಷ ತುಂಬುವ ತನಕ ಸಿಗದು. ಹೊಲಿಗೆ ಯಂತ್ರದ ಮುಂದೆ 58ರ ವರೆಗೆ ಕುಳಿತವಳನ್ನು ಯಾರಾದರೂ ಕಂಡಿದ್ದೀರಾ? ಬೆನ್ನು ಸೋತು, ಕಣ್ಣು ಮಂಜಾಗಿ, ಎಷ್ಟೋ ಮೊದಲೇ ಬಿಟ್ಟುಬಿಡುತ್ತಾರೆ. ಬಿಟ್ಟಾಗ ಕೈಗೆ ಬರುವ ಪಿಎಫ್ ಹಣವೇ ಅವರ ಆಪದ್ಧನ, ಮಗಳ ಮದುವೆ, ತೀರದ ಸಾಲ. ಏಪ್ರಿಲ್ 18ರಂದು ಹೊಸೂರು ರಸ್ತೆಯ ಬೊಮ್ಮನಹಳ್ಳಿ ಕಡೆ ಸಾವಿರಾರು ಜನ ಕಾರ್ಖಾನೆ ಬಿಟ್ಟು ರಸ್ತೆಗೆ ಬಂದರು. ಮರುದಿನ ಅದು ಜಾಲಹಳ್ಳಿ, ತುಮಕೂರು ರಸ್ತೆಗೆ ಹಬ್ಬಿತು. ಯಾವ ದೊಡ್ಡ ಸಂಘವೂ ಕರೆ ಕೊಟ್ಟಿರಲಿಲ್ಲ. ಲಾಠಿ ಬೀಸಿದರು, ಅಶ್ರುವಾಯು ಹಾರಿಸಿದರು, ಬಸ್ಸುಗಳು ಸುಟ್ಟುಹೋದವು. ಬಸ್ಸು ಸುಟ್ಟದ್ದನ್ನು ನಾವು ಹೊಗಳುವುದಿಲ್ಲ. ಆದರೆ 19ರ ಸಂಜೆಯೊಳಗೆ ಕೇಂದ್ರ ಕಾರ್ಮಿಕ ಮಂತ್ರಿ ಬಂಡಾರು ದತ್ತಾತ್ರೇಯ ಅಧಿಸೂಚನೆಯನ್ನು ಹಿಂದಕ್ಕೆ ಪಡೆದುದಾಗಿ ಹೇಳಬೇಕಾಯಿತು. ಆರ್ಥಿಕ ಶಿಸ್ತು ಇಲ್ಲದವರು ಎಂದು ಹೆಸರಾದವರು ಎರಡು ದಿನದಲ್ಲಿ ತಮ್ಮ ಬೀಗದಕೈಯನ್ನು ಹಿಂದಕ್ಕೆ ಪಡೆದರು.

ಅದೇ ವರ್ಷದ ನವೆಂಬರ್ 8ರ ರಾತ್ರಿ ಐನೂರು, ಸಾವಿರದ ನೋಟು ರದ್ದಾದಾಗ ಹೆಂಗಸರು ಗಂಡನಿಗೂ ತಿಳಿಯದಂತೆ ಬೇಳೆ ಡಬ್ಬಿಯಲ್ಲಿ ಮಡಿಚಿಟ್ಟ ಆಪದ್ಧನವೆಲ್ಲ ಬೆಳಗಾಗುವಷ್ಟರಲ್ಲಿ ಬಯಲಿಗೆ ಬಂತು. ಕುಡುಕ ಗಂಡನ ಕೈಗೆ ಸಿಗದಿರಲಿ ಎಂದು ಎಷ್ಟು ವರ್ಷ ಬಚ್ಚಿಟ್ಟದ್ದೋ! ಡಬ್ಬಿಗೂ ಭವಿಷ್ಯನಿಧಿಗೂ ಒಂದೇ ವರ್ಷದಲ್ಲಿ ದೆಹಲಿಯಿಂದ ಕೈ ಬಂದಿತು. ಮುಂದೆ 2025ರ ಅಕ್ಟೋಬರಿನಲ್ಲಿ ಭವಿಷ್ಯನಿಧಿಯ ಕೇಂದ್ರ ಮಂಡಳಿ ಮತ್ತೊಂದು ತೀರ್ಮಾನ ಮಾಡಿತು. ಕೆಲಸ ಹೋದವನು ನೂರಕ್ಕೆ ಎಪ್ಪತ್ತೈದನ್ನು ಕೂಡಲೇ ತೆಗೆಯಬಹುದು, ಉಳಿದ ಇಪ್ಪತ್ತೈದು ಖಾತೆಯಲ್ಲೇ ಇರಬೇಕು, ಪೂರ್ತಿ ಲೆಕ್ಕ ತೀರಿಸುವುದಕ್ಕೆ ಹಿಂದಿನ ಎರಡು ತಿಂಗಳ ಬದಲು ಹನ್ನೆರಡು ತಿಂಗಳು. ಇದರಲ್ಲಿ ಕೆಡುಕಷ್ಟೇ ಇದೆ ಎಂದು ನಾವು ಹೇಳೆವು. ಮುಕ್ಕಾಲು ಪಾಲು ತಕ್ಷಣ ಸಿಗುವುದು ಒಳ್ಳೆಯದೇ, ಮುಪ್ಪಿಗೆ ಏನಾದರೂ ಉಳಿಯಲಿ ಎಂಬ ಕಾಳಜಿಯೂ ಸುಳ್ಳಲ್ಲ. ಆದರೆ ಹನ್ನೆರಡು ತಿಂಗಳು ಕೆಲಸವಿಲ್ಲದೆ ಇರುವವಳು ಆ ಇಪ್ಪತ್ತೈದಕ್ಕೆ ಕಾಯುವಷ್ಟು ಕಾಲ ಏನು ತಿನ್ನುತ್ತಾಳೆ ಎಂಬುದನ್ನು ಅವಳನ್ನೇ ಕೇಳಿ ತೀರ್ಮಾನಿಸಿದ್ದರೆ ಚೆನ್ನಾಗಿತ್ತು.

ಇಷ್ಟು ಹೇಳಿದ ಮೇಲೆ ನಮ್ಮವರಿಗೂ ಎರಡು ಮಾತು ಹೇಳಲೇಬೇಕು. ಸಣ್ಣ ಸುಖ ಎಂಬ ಹೆಸರಿನಲ್ಲಿ ಸಾರಾಯಿ ಅಂಗಡಿಯನ್ನು ಒಳಗೆ ಬಿಟ್ಟುಕೊಳ್ಳಬೇಡಿರಿ. 2003ರಿಂದ ತಮಿಳುನಾಡಿನ ಚಿಲ್ಲರೆ ಮದ್ಯ ಮಾರಾಟ ಸರಕಾರದ ಟಾಸ್ಮಾಕ್ ಸಂಸ್ಥೆಯದೇ. ಶನಿವಾರದ ಬಟವಾಡೆ ಎಲ್ಲಿ ಕರಗುತ್ತದೆ ಎಂಬುದನ್ನು ಹೆಂಡತಿಯರನ್ನು ಕೇಳಿದರೆ ಹೇಳುತ್ತಾರೆ. ಮಲ್ಲಿಗೆಯ ವಾಸನೆ ಮನೆಯವರಿಗೆಲ್ಲ ಸಿಗುತ್ತದೆ, ಪರೋಟ ಪೊಟ್ಟಣ ಬಿಚ್ಚಿದರೆ ಮಕ್ಕಳೂ ತಿನ್ನುತ್ತಾರೆ. ಕ್ವಾರ್ಟರ್ ಬಾಟಲಿಯ ಸುಖ ಒಬ್ಬನದು, ಅದರ ಬಿಲ್ಲು ಇಡೀ ಮನೆಯದು. ದುಡ್ಡಿಟ್ಟು ಆಡುವ ಮೊಬೈಲ್ ರಮ್ಮಿಯೂ ಅದೇ ಜಾತಿ.

ಎರಡನೆಯದು, ಬೇಗ ಬೆಳೆಯುವ ಉಳಿತಾಯದ ಆಸೆ. ತಿರುಪ್ಪೂರಿನಲ್ಲಿ ವಿದೇಶೀ ವಿನಿಮಯದ ಹೆಸರಿನಲ್ಲಿ ಹಣ ಕೂಡಿಸಿದ ಪಾಸಿ ಕಂಪನಿ 2009ರಲ್ಲಿ ಕುಸಿಯಿತು. ಅದರ ನಿರ್ದೇಶಕರಿಬ್ಬರಿಗೆ ಕೊಯಮತ್ತೂರಿನ ವಿಶೇಷ ನ್ಯಾಯಾಲಯ 27 ವರ್ಷದ ಶಿಕ್ಷೆ ವಿಧಿಸಿದ್ದು 2022ರ ಆಗಸ್ಟಿನಲ್ಲಿ. ಪೆರುಂದುರೈಯ ಎಮು ಹಕ್ಕಿಯ ಸಾಕಣೆ 2012ರಲ್ಲಿ ಮುಳುಗಿತು, ಹಣ ಕಟ್ಟಿದವರು ಬೀದಿಗೆ ಬಂದರು, ಮೇವಿಲ್ಲದ ಹಕ್ಕಿಗಳೂ ಬಂದವು. ಅಲ್ಲಿ ಹಣ ಕಟ್ಟಿದವರು ದುಂದುಗಾರರಲ್ಲ, ಬಾಯಿ ಕಟ್ಟಿ ಉಳಿಸಿದವರು. ಉಪದೇಶವನ್ನು ಅಕ್ಷರಶಃ ಪಾಲಿಸಿದವರೇ ಹೆಚ್ಚು ಕಳೆದುಕೊಂಡರು ಎನ್ನಬಹುದು. ಇದಕ್ಕೆ ಹೋಲಿಸಿದರೆ ಬೀದಿಯ ದೀಪಾವಳಿ ಚೀಟಿಯ ಮೇಲೆ ನಮಗೆ ಅಷ್ಟು ಕೋಪವಿಲ್ಲ. ವಾರವಾರವೂ ಸ್ವಲ್ಪ ಕಟ್ಟಿ ಹಬ್ಬಕ್ಕೆ ಸಿಹಿ, ಬಟ್ಟೆ, ಪಟಾಕಿ ತೆಗೆದುಕೊಳ್ಳುವುದರಲ್ಲಿ ಬಡ್ಡಿ ಇಲ್ಲದಿರಬಹುದು, ಹಬ್ಬಕ್ಕಾಗಿ ಸಾಲ ಮಾಡುವುದನ್ನಂತೂ ಅದು ತಪ್ಪಿಸುತ್ತದೆ. ನಡೆಸುವವನು ಗೊತ್ತಿದ್ದವನಾಗಿರಬೇಕು, ಮೊತ್ತ ಹೋದರೂ ಮನೆ ಬೀಳದಷ್ಟು ಸಣ್ಣದಾಗಿರಬೇಕು, ಆಪದ್ಧನವನ್ನು ಅದರೊಳಗೆ ಬೆರೆಸಕೂಡದು.

ದೊಡ್ಡ ಆಪತ್ತಿನ ಬಾಗಿಲಿಗೆ ಬಂದರೆ ಇಎಸ್‌ಐ ಇದೆ. ಈಗಿನ ತಮಿಳುನಾಡಿನಲ್ಲಿ ಅದು ಮೊದಲು ಬಂದದ್ದೇ ಕೊಯಮತ್ತೂರಿಗೆ, 1955ರ ಜನವರಿಯಲ್ಲಿ. 2019ರ ಜುಲೈಯಿಂದ ಕಾರ್ಮಿಕನ ಪಾಲು ಸಂಬಳದ ನೂರಕ್ಕೆ ಮುಕ್ಕಾಲು, ಮಾಲೀಕನದು ಮೂರೂ ಕಾಲು. ತಿಂಗಳಿಗೆ 12,000 ಸಂಬಳದವಳಿಂದ 90 ರೂಪಾಯಿ, ಮಾಲೀಕನಿಂದ 390. ತೊಂಬತ್ತು ರೂಪಾಯಿ ಎಂದರೆ ಆರು ಟೀ. ಆರು ಟೀಯ ಹಣಕ್ಕೆ ಅವಳಿಗೂ ಮನೆಯವರಿಗೂ ಚಿಕಿತ್ಸೆ, ಅವಳು ಕಾಯಿಲೆ ಬಿದ್ದರೆ ವರ್ಷಕ್ಕೆ 91 ದಿನಗಳ ತನಕ ಕೂಲಿಯ ನೂರಕ್ಕೆ ಎಪ್ಪತ್ತು. ಈ ಕೆಲಸವನ್ನು ಯಾವ ಡಬ್ಬಿ ಮಾಡೀತು? ಆಸ್ಪತ್ರೆಯಲ್ಲಿ ಸಾಲು ಉದ್ದ, ಔಷಧ ಸಿಗದ ದಿನಗಳೂ ಉಂಟು, ಇದು ನಿಜ. ಆದರೂ 390 ಉಳಿಸುವುದಕ್ಕಾಗಿ ಹೆಸರನ್ನು ರಿಜಿಸ್ಟರಿಗೆ ಹತ್ತಿಸದೆ, ಜನರನ್ನು ಹತ್ತಕ್ಕಿಂತ ಕಡಿಮೆ ತೋರಿಸಿ, ಆಮೇಲೆ ಅದೇ ಜನಕ್ಕೆ ಟೀ ಬಿಟ್ಟು ಉಳಿಸಿರಿ ಎಂದು ಬುದ್ಧಿ ಹೇಳುವ ಮಾಲೀಕನನ್ನು ಏನೆಂದು ಕರೆಯೋಣ?

ಕಾಂಗೇಯಂ ಸೀಮೆಯ ಹಳೆಯ ಒಕ್ಕಲು ಮನೆಗೆ ಹಸುವೇ ಆಪದ್ಧನವಾಗಿತ್ತು. ಕಷ್ಟ ಬಂದಾಗ ಕಣ್ಣಪುರಂ ಜಾತ್ರೆಗೆ ಹೊಡೆದುಕೊಂಡು ಹೋಗಿ ಮಾರಬಹುದಾದ ಹಣ ಅದು. ಆದರೂ ಪೊಂಗಲ್ ಬಂದಾಗ ಅದರ ಕೊಂಬಿಗೆ ಬಣ್ಣ ಬಳಿದು ಕೊರಳಿಗೆ ಗೆಜ್ಜೆ ಕಟ್ಟುವುದನ್ನು ಯಾವ ಅಜ್ಜನೂ ದುಂದು ಎಂದು ನಿಲ್ಲಿಸಲಿಲ್ಲ. ಆ ಹಸುವೂ ಇಲ್ಲದ, ರಿಜಿಸ್ಟರಿನಲ್ಲಿ ಹೆಸರೂ ಇಲ್ಲದ ಕಳದ ಕೂಲಿಯವಳ ಮುಡಿಯಲ್ಲಿರುವ ಒಂದು ಮೊಳ ಹೂವನ್ನು ನೋಡಿ ತಲೆಯಾಡಿಸುವವರು ಮೊದಲು ಅವಳ ಕೂಲಿಯ ಚೀಟಿಯನ್ನು ನೋಡಲಿ. ಬರುವ ಸಲ ಕೂಲಿ ಒಪ್ಪಂದದ ಮಾತುಕತೆಗೆ ಕುಳಿತುಕೊಳ್ಳುವ ನಮ್ಮ ಸಂಗಡಿಗರು 1991ರ ಆ ತೀರ್ಪಿನ ನಕಲೊಂದನ್ನು ಜೇಬಿನಲ್ಲಿಟ್ಟುಕೊಂಡು ಹೋಗಲಿ. ಅಕ್ಕಿ, ಬಟ್ಟೆ, ಬಾಡಿಗೆ, ಸೌದೆಯ ಲೆಕ್ಕ ಮುಗಿದು ಆ ಕಡೆಯವರು ಏಳುವುದಕ್ಕೆ ಸಿದ್ಧರಾದಾಗ, ಇನ್ನೂ ನೂರಕ್ಕೆ ಇಪ್ಪತ್ತೈದರ ಸಾಲೊಂದು ಬಾಕಿ ಇದೆ, ಕುಳಿತುಕೊಳ್ಳಿರಿ ಎಂದು ಹೇಳಲಿ.